ಹೀರುವುದು, ಹತ್ತುವುದು

ಕಳೆದ ವರ್ಷ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ಒಂದು ಪದವನ್ನು ಹಿಡಿದುಕೊಂಡು ಕನ್ನಡ ವಿಭಾಗಕ್ಕೆ ಬಂದರು. ಪದ ‘ಅಡ್ಸಾರ್ಪ್ಶನ್’. ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಓದಿ ಬಂದ ಕೆಲವು ಮಕ್ಕಳು ಅವರ ತರಗತಿಯಲ್ಲಿದ್ದರು. ಪುಸ್ತಕ ಇಂಗ್ಲಿಷಿನದು, ವಿವರಣೆ ಮರಾಠಿಯದು. ಮಕ್ಕಳು ಎರಡರ ನಡುವೆ ಮೌನವಾಗಿ ಕುಳಿತಿರುತ್ತಿದ್ದರು. ಅವರಿಗಾಗಿ ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಬೇಕಾಗಿತ್ತು. ಇಬ್ಬರು ಆಗಲೇ ವಿಜ್ಞಾನವನ್ನು ಬಿಟ್ಟು ಕಲಾ ವಿಭಾಗಕ್ಕೆ ಸೇರಿ ಐಚ್ಛಿಕ ಕನ್ನಡ ತೆಗೆದುಕೊಳ್ಳುವ ಮಾತಾಡಿದ್ದರಂತೆ. ವಿದ್ಯಾರ್ಥಿಗಳ ಕೊರತೆಯಲ್ಲಿರುವ ನಮ್ಮ ವಿಭಾಗಕ್ಕೆ ಅದು ಲಾಭದ ಮಾತೇ. ಆದರೂ ಬೇರೊಂದು ಬಾಗಿಲು ಮುಚ್ಚಿತೆಂಬ ಕಾರಣಕ್ಕೆ ನಮ್ಮಲ್ಲಿಗೆ ಬರುವವರನ್ನು ಸಂತೋಷದಿಂದ ಬರಮಾಡಿಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ.

ಪ್ರಾಥಮಿಕ ಶಾಲೆಯನ್ನು ಕನ್ನಡದಲ್ಲಿ, ಪ್ರೌಢಶಾಲೆಯನ್ನು ಮರಾಠಿಯಲ್ಲಿ ಮುಗಿಸಿದವನು ನಾನು. ಆದ್ದರಿಂದ ಮೊದಲು ನೆನಪಾದದ್ದು ಮರಾಠಿಯ ‘ಅಧಿಶೋಷಣ’. ಕನ್ನಡದ ಪುಸ್ತಕಗಳಲ್ಲಿಯೂ ‘ಅಧಿಶೋಷಣೆ’ ಎಂಬ ಪದವಿದೆ. ಎರಡೂ ನೆರೆಭಾಷೆಗಳಿಗೆ ಒಂದೇ ಪದವಿರುವುದು ನಮ್ಮಂಥ ಗಡಿನಾಡಿನವರಿಗೆ ಅನುಕೂಲವೇ. ಅದನ್ನು ಸಂಸ್ಕೃತವೆಂದು ದೂರುವವರ ಪಂಕ್ತಿಯಲ್ಲಿ ನಾನಿಲ್ಲ. ತೊಡಕು ಬೇರೆಯದು. ‘ಶೋಷಣೆ’ ಎಂದರೆ ಇಂದಿನ ವಿದ್ಯಾರ್ಥಿಗೆ ಮಾಲೀಕನು ಕೂಲಿಯವನಿಗೆ ಮಾಡುವ ಅನ್ಯಾಯ. ಅದಕ್ಕೆ ‘ಅಧಿ’ ಸೇರಿದರೆ ಅನ್ಯಾಯ ಇನ್ನೂ ಹೆಚ್ಚಿತೆಂದು ಅವನು ತಿಳಿದರೆ ತಪ್ಪು ಅವನದಲ್ಲ.

ಇಂಗ್ಲಿಷ್ ಪದವೂ ತಾನಾಗಿ ಹುಟ್ಟಿ ಬೆಳೆದದ್ದಲ್ಲ. ಇದ್ದಿಲು ಅನಿಲಗಳನ್ನು ಹಿಡಿದಿಡುತ್ತದೆ ಎಂಬುದನ್ನು ಸ್ವೀಡನ್ನಿನ ಶೀಲೆ 1773ರಲ್ಲಿಯೇ ಕಂಡಿದ್ದನು. ಆ ಕ್ರಿಯೆಗೆ ಹೆಸರು ಬಂದದ್ದು ನೂರು ವರ್ಷ ಕಳೆದ ಮೇಲೆ, 1881ರಲ್ಲಿ. ಜರ್ಮನಿಯ ಭೌತವಿಜ್ಞಾನಿ ಹೈನ್ರಿಖ್ ಕೈಸರ್, ಶರೀರವಿಜ್ಞಾನಿ ಡ್ಯು ಬೋಯ್ ರೇಮಂಡನ ಸಲಹೆಯಂತೆ, ‘ಅಬ್ಸಾರ್ಪ್ಶನ್’ ಎಂಬ ಹಳೆಯ ಪದದಲ್ಲಿ ಒಂದಕ್ಷರವನ್ನು ಬದಲಿಸಿ ಹೊಸ ಪದವನ್ನು ಬಳಕೆಗೆ ತಂದನು. ಒಳಕ್ಕೆ ಸೇರಿಕೊಂಡರೆ ‘ಅಬ್’, ಮೈಮೇಲೆ ನಿಂತರೆ ‘ಅಡ್’. ನಮ್ಮ ಭಾಷಾಂತರಕಾರರೂ ಅದೇ ಜಾಡಿನಲ್ಲಿ ನಡೆದು ಉಪಸರ್ಗದ ಹೆಗಲ ಮೇಲೆ ಅರ್ಥದ ಭಾರವನ್ನೆಲ್ಲ ಹೊರಿಸಿದರು. ತರಗತಿಯ ಹಿಂದಿನ ಬೆಂಚಿನವರೆಗೆ ಉಪಸರ್ಗ ತಲುಪುವುದು ಕಷ್ಟ.

ನಮ್ಮ ಕಡೆಯ ಆಡುಮಾತಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಧಾತುಗಳೇ ಇವೆ. ಒಂದು ‘ಹೀರು’, ಇನ್ನೊಂದು ‘ಹತ್ತು’. ಮೈಸೂರು ಕಡೆಯ ಪುಸ್ತಕಗಳನ್ನು ಓದಿದವರಿಗೆ ‘ಹತ್ತು’ ಎಂದರೆ ಏರುವುದು. ನಮಗೆ ಅದು ಅಂಟುವುದು ಕೂಡ: ಕೈಗೆ ಮಸಿ ಹತ್ತುತ್ತದೆ, ಅಂಗಿಗೆ ಎಣ್ಣೆ ಹತ್ತುತ್ತದೆ. ಹಳಗನ್ನಡದ ‘ಪತ್ತು’ ಕ್ರಿಯಾಪದಕ್ಕೆ ಸೇರು, ಅಂಟಿಕೊಳ್ಳು ಎಂಬ ಅರ್ಥಗಳಿದ್ದುದನ್ನು, ಪಕಾರ ಹಕಾರವಾದುದನ್ನು ನೀವು ಭಾಷಾ ಚರಿತ್ರೆಯ ಪತ್ರಿಕೆಯಲ್ಲಿ ಓದಿದ್ದೀರಿ; ತಮಿಳಿನ ‘ಪಱ್ಱು’ ಇದರ ಒಡಹುಟ್ಟು. ನಾನು ಆ ಟಿಪ್ಪಣಿಯ ತಲೆಬರಹದಲ್ಲಿ ‘ಅಧಿಶೋಷಣೆ’ಯನ್ನು ಉಳಿಸಿ, ಒಳಗೆಲ್ಲ ‘ಹತ್ತುವುದು’ ಎಂದೇ ಬರೆದೆ. ಸಹೋದ್ಯೋಗಿಯವರು ಹುಬ್ಬೇರಿಸಿದರು, ಉದಾಹರಣೆ ಕೇಳಿದರು. ನಾನು ಬಣ್ಣದ ಮನೆಯ ಮಾತು ಹೇಳಿದೆ.

ನನ್ನ ತಂದೆ ಸೊಲ್ಲಾಪುರದಲ್ಲಿ ಚಾದರು ಮತ್ತು ಟವೆಲ್ಲಿನ ನೂಲಿಗೆ ಬಣ್ಣ ಹಾಕುವ ಕಡೆ ಇಪ್ಪತ್ತು ವರ್ಷ ದುಡಿದರು. ಸೊಲ್ಲಾಪುರದ ನೇಯ್ಗೆ ಬಹುಪಾಲು ತೆಲುಗು ಪದ್ಮಸಾಲಿಗಳ ಕೈಯಲ್ಲಿ ಬೆಳೆದದ್ದು; ಬಣ್ಣದ ತೊಟ್ಟಿಯ ಸುತ್ತ ತೆಲುಗು, ಮರಾಠಿ, ಕನ್ನಡ ಮೂರೂ ನಡೆಯುತ್ತಿದ್ದವು. ತೊಟ್ಟಿಯಿಂದ ಒಂದೆಳೆ ನೂಲನ್ನು ಎತ್ತಿ ನೋಡಿ ಅಪ್ಪ ಹೇಳುತ್ತಿದ್ದ ಮಾತು ಒಂದೇ: “ಬಣ್ಣ ಇನ್ನಾ ಹತ್ತಿಲ್ಲ, ಉಪ್ಪು ಸಾಲ್ದು.” ಅಡುಗೆಯ ಉಪ್ಪಿಗೂ ಬಣ್ಣಕ್ಕೂ ಏನು ನಂಟೆಂದು ನಾನು ಕೇಳಿದ್ದುಂಟು. “ಉಪ್ಪು ಹಾಕಿದ್ರ ಹತ್ತತದ, ಇಲ್ಲಂದ್ರ ನೀರಾಗೇ ಉಳೀತದ” ಎಂಬುದರಾಚೆಗೆ ಅವರ ಬಳಿ ಉತ್ತರವಿರಲಿಲ್ಲ.

ಉತ್ತರ ಇದು. ಹತ್ತಿಯ ನೂಲು ಎಂದರೆ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳ ಕಟ್ಟು. ನೀರಿಗೆ ಇಳಿದ ನೂಲು ಉಬ್ಬುತ್ತದೆ, ಸರಪಳಿಗಳ ನಡುವಿನ ಸಂದುಗಳು ತೆರೆದುಕೊಳ್ಳುತ್ತವೆ. ಅದೇ ಹೊತ್ತಿಗೆ ನೂಲಿನ ಮೇಲ್ಮೈಯಲ್ಲಿ ಅಲ್ಪ ಪ್ರಮಾಣದ ಋಣ ವಿದ್ಯುದಾವೇಶ ಕೂಡುತ್ತದೆ. ನೀರಿನಲ್ಲಿ ಕರಗಿರುವ ಬಣ್ಣದ ಅಣುವಿನ ಆವೇಶವೂ ಋಣವೇ. ಒಂದೇ ಬಗೆಯ ಆವೇಶಗಳು ಪರಸ್ಪರ ದೂರ ತಳ್ಳುವುದರಿಂದ ಬಣ್ಣ ನೂಲಿನ ಹತ್ತಿರಕ್ಕೆ ಬರಲಾರದು. ಉಪ್ಪನ್ನು ಸುರಿದಾಗ ಅದರ ಸೋಡಿಯಂ ಅಯಾನುಗಳು ಧನ ಆವೇಶವನ್ನು ಹೊತ್ತು ಇಬ್ಬರ ನಡುವೆ ನೆರೆದು ಆ ತಳ್ಳಾಟವನ್ನು ಮಸುಕುಗೊಳಿಸುತ್ತವೆ. ಆಗ ಬಣ್ಣದ ಅಣು ಸಂದಿಯೊಳಗೆ ಸಾಗಿ ಸರಪಳಿಯ ಮೈಗೆ ತಾಗುತ್ತದೆ. ಗಾಢವಾದ ಕೆಂಪಿಗೋ ನೀಲಿಗೋ ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ನೂಲು ನೀರನ್ನು ಹೀರುತ್ತದೆ, ಬಣ್ಣ ನೂಲಿಗೆ ಹತ್ತುತ್ತದೆ. ಕೈಸರನು ಅಕ್ಷರ ಬದಲಿಸಿ ತೋರಿಸಿದ ಭೇದ ಈ ಒಂದು ವಾಕ್ಯದಲ್ಲಿ ಸಹಜವಾಗಿ ನಿಂತಿದೆ.

ತಾಗಿದ ಅಣು ಅಲ್ಲಿಯೇ ನಿಲ್ಲುವುದೆಂದಲ್ಲ. ಕೆಲವು ಹತ್ತುತ್ತವೆ, ಕೆಲವು ಬಿಟ್ಟು ಹೋಗುತ್ತವೆ; ಎರಡರ ವೇಗವೂ ಸಮವಾದಾಗ ಲೆಕ್ಕ ನಿಂತಂತೆ ಕಾಣುತ್ತದೆ. ಅಮೆರಿಕದ ಒಂದು ವಿದ್ಯುದ್ದೀಪದ ಕಂಪನಿಯ ಪ್ರಯೋಗಾಲಯದಲ್ಲಿದ್ದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಈ ಲೆಕ್ಕವನ್ನು 1918ರಲ್ಲಿ ಸೂತ್ರಕ್ಕೆ ಇಳಿಸಿದನು. ಮೇಲ್ಮೈಗಳ ರಸಾಯನಶಾಸ್ತ್ರಕ್ಕಾಗಿ 1932ರಲ್ಲಿ ಅವನಿಗೆ ನೊಬೆಲ್ ಬಂತು. ಅವನ ಕಲ್ಪನೆಯನ್ನು ನಮ್ಮ ಎಸ್‌ಟಿ ಬಸ್ಸಿನಿಂದ ತಿಳಿಯಬಹುದು. ಮೇಲ್ಮೈಯಲ್ಲಿ ಎಣಿಕೆಯ ಆಸನಗಳಿವೆ, ಒಂದು ಆಸನಕ್ಕೆ ಒಂದೇ ಅಣು. ನಿಲ್ದಾಣದಲ್ಲಿ ಜನ ಕಡಿಮೆಯಿದ್ದಾಗ ಬಂದವರಿಗೆಲ್ಲ ಜಾಗ ಸಿಗುತ್ತದೆ. ಆಸನ ತುಂಬಿದ ಮೇಲೆ ಹೊರಗೆ ಎಷ್ಟು ಜನ ಕಾದರೂ ಕುಳಿತವರ ಸಂಖ್ಯೆ ಹೆಚ್ಚುವುದಿಲ್ಲ. ನಮ್ಮ ಅಕ್ಕಲಕೋಟೆ ಬಸ್ಸನ್ನು ಅವನು ನೋಡಿರಲಿಲ್ಲವಾದ್ದರಿಂದ ನಿಂತು ಪ್ರಯಾಣಿಸುವವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ಪದರದ ಮೇಲೆ ಇನ್ನೊಂದು ಪದರ ನಿಲ್ಲುವ ಆ ಲೆಕ್ಕವನ್ನು ಬ್ರುನೌವರ್, ಎಮೆಟ್, ಟೆಲ್ಲರ್ ಎಂಬ ಮೂವರು 1938ರಲ್ಲಿ ಮಾಡಿದರು.

ಹತ್ತುವುದರಲ್ಲಿಯೂ ತರತಮಗಳಿವೆ. 1884ರಲ್ಲಿ ಬಂದ ಕಾಂಗೋ ಕೆಂಪು ಹತ್ತಿಗೆ ನೇರವಾಗಿ ಹತ್ತಿದ ಮೊದಲ ಕೃತಕ ಬಣ್ಣ. ಉದ್ದವಾದ ಚಪ್ಪಟೆ ಅಣು ಸೆಲ್ಯುಲೋಸಿನ ಉದ್ದಕ್ಕೆ ಒರಗಿ ಮಲಗುತ್ತದೆ. ಹಿಡಿದಿಡುವುದು ಹೈಡ್ರೋಜನ್ ಬಂಧದಂತಹ ದುರ್ಬಲ ಸೆಳೆತಗಳು ಮಾತ್ರ. ಒಗೆದಂತೆಲ್ಲ ಬಿಡುತ್ತದೆ. ಅದಕ್ಕೂ ಬಹಳ ಹಿಂದಿನಿಂದ ನಮ್ಮವರು ಪಟಿಕವನ್ನು ಮಧ್ಯಸ್ಥನನ್ನಾಗಿ ಇರಿಸಿಕೊಂಡಿದ್ದರು: ಪಟಿಕದಲ್ಲಿರುವ ಅಲ್ಯೂಮಿನಿಯಂ ಒಂದು ಕೈಯಲ್ಲಿ ನೂಲನ್ನೂ ಇನ್ನೊಂದು ಕೈಯಲ್ಲಿ ಮಂಜಿಷ್ಠದ ಕೆಂಪನ್ನೂ ಹಿಡಿಯುತ್ತದೆ. ಇಂಥ ವಸ್ತುವಿಗೆ ಯುರೋಪಿನವರು ಇಟ್ಟ ‘ಮಾರ್ಡಂಟ್’ ಎಂಬ ಹೆಸರಿನ ಮೂಲಾರ್ಥ ‘ಕಚ್ಚುವುದು’. ನಮ್ಮಲ್ಲಿಯೂ ಬಣ್ಣ ಕಚ್ಚಿಕೊಳ್ಳುತ್ತದೆ. ನಮ್ಮ ಪುಸ್ತಕಗಳು ಮಾತ್ರ ‘ವರ್ಣಬಂಧಕ’ ಎನ್ನುತ್ತವೆ. ನೀಲಿಯದು ಇನ್ನೊಂದು ಬಗೆ. ಅದು ಕರಗಿದ ರೂಪದಲ್ಲಿ ನೂಲಿನೊಳಗೆ ಹೊಕ್ಕು, ಗಾಳಿ ತಾಗಿದಾಗ ಕರಗದ ಕಣವಾಗಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ನೀವು ತೊಡುವ ಜೀನ್ಸಿನ ನೂಲನ್ನು ಬಿಚ್ಚಿ ನೋಡಿದರೆ ನಡುವೆ ಬಿಳಿಯೇ ಇರುತ್ತದೆ. ಮೊಣಕಾಲಿನ ಬಳಿ ಸವೆದು ಬಿಳಿಚುವುದು ಅದಕ್ಕೇ.

ಅಪ್ಪನ ಕಾಲಕ್ಕೆ ಪ್ರತಿಕ್ರಿಯಾ ಬಣ್ಣಗಳು ಬಂದಿದ್ದವು. ಇಂಗ್ಲೆಂಡಿನಲ್ಲಿ ರ‍್ಯಾಟಿ ಮತ್ತು ಸ್ಟೀಫನ್ 1954ರಲ್ಲಿ ಕಂಡುಕೊಂಡು, 1956ರಲ್ಲಿ ಮಾರುಕಟ್ಟೆಗೆ ಇಳಿದ ಬಗೆ ಇದು. ಮೊದಲು ಉಪ್ಪಿನ ನೆರವಿನಿಂದ ಬಣ್ಣ ನೂಲಿಗೆ ಹತ್ತಬೇಕು. ಆಮೇಲೆ ಬಟ್ಟೆಸೋಡಾ ಹಾಕಿದಾಗ ಬಣ್ಣಕ್ಕೂ ಸೆಲ್ಯುಲೋಸಿಗೂ ನಡುವೆ ಸಹವೇಲೆನ್ಸೀಯ ಬಂಧ ಬೆಸೆಯುತ್ತದೆ. ಇನ್ನು ಅದು ಬಟ್ಟೆಯ ಮೇಲೆ ಕುಳಿತ ಬಣ್ಣವಲ್ಲ, ಬಟ್ಟೆಯದೇ ಅಂಗ. ಆದರೆ ತೊಟ್ಟಿಯಲ್ಲಿ ನೂಲಿಗಿಂತ ನೀರು ಹೆಚ್ಚು. ಕೆಲವು ಅಣುಗಳು ನೂಲಿಗೆ ಕೊಡಬೇಕಾದ ಕೈಯನ್ನು ನೀರಿಗೆ ಕೊಟ್ಟುಬಿಡುತ್ತವೆ, ಮತ್ತೆ ಬೆಸೆಯಲಾರವು. ನೂಲಿನ ಮೈಗೆ ಸುಮ್ಮನೆ ಒರಗಿ ಉಳಿಯುತ್ತವೆ. ಹೊಸ ಚಾದರಿನ ಮೊದಲ ಒಗೆತದಲ್ಲಿ ನೀರು ಕೆಂಪಾಗುವುದು ಸಾಮಾನ್ಯವಾಗಿ ಇವುಗಳಿಂದ. ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವ ಮುನ್ನ ಎರಡನೆಯ ಒಗೆತವನ್ನೂ ನೋಡುವುದು ಒಳ್ಳೆಯದು.

ಬೆಸೆಯುವ ಗುಣವುಳ್ಳ ಅಣುವಿಗೆ ಇದು ನೂಲು, ಇದು ಮನುಷ್ಯನ ಮೈ ಎಂಬ ಭೇದ ತಿಳಿಯದು. ಚರ್ಮದ ಪ್ರೋಟೀನಿನಲ್ಲಿರುವ ಅಮೈನೋ ಗುಂಪುಗಳೂ ಅದಕ್ಕೆ ಒಪ್ಪುತ್ತವೆ. ಅಂಥ ಗುಂಪುಗಳಿರುವ ರೇಷ್ಮೆಗೂ ಉಣ್ಣೆಗೂ ಇವೇ ಬಗೆಯ ಬಣ್ಣಗಳನ್ನು ಹಾಕುವುದುಂಟು. ಅಪ್ಪನ ಬೆರಳುಗಳು ವರ್ಷವಿಡೀ ಯಾವುದಾದರೊಂದು ಬಣ್ಣದಲ್ಲಿರುತ್ತಿದ್ದವು. ಅವ್ವ ಸಾಬೂನು, ನಿಂಬೆ, ಸೀಗೆಪುಡಿ ಎಲ್ಲವನ್ನೂ ತಿಕ್ಕಿ ನೋಡುತ್ತಿದ್ದಳು. ಹೊರಚರ್ಮ ತಾನೇ ಉದುರಿ ಹೋಗುವವರೆಗೆ ಆ ಬಣ್ಣ ಹೋಗದು, ಹೋಗುವಷ್ಟರಲ್ಲಿ ಹೊಸದು ಹತ್ತಿರುತ್ತಿತ್ತು. ಊಟದ ಪಂಕ್ತಿಯಲ್ಲಿ ಜನರ ನಡುವೆ ಕೂರಲು ಅವರು ಸಂಕೋಚಪಡುತ್ತಿದ್ದುದನ್ನು ನಾನು ಬಲ್ಲೆ.

ಕೈಯ ಬಣ್ಣ ಕಣ್ಣಿಗೆ ಕಾಣುತ್ತಿತ್ತು. ಪುಡಿಯನ್ನು ತೂಗಿ ನೀರಿಗೆ ಸುರಿಯುವಾಗ ಏಳುವ ಧೂಳು ಉಸಿರಿನೊಡನೆ ಒಳಹೋಗುವುದು ಯಾರಿಗೂ ಕಾಣುತ್ತಿರಲಿಲ್ಲ. ಈ ಬಣ್ಣಗಳು ದೇಹದ ಪ್ರೋಟೀನಿಗೆ ಬೆಸೆದುಕೊಂಡಾಗ ಕೆಲವರ ದೇಹ ಅದನ್ನು ಪರಕೀಯವೆಂದು ಬಗೆದು ತಿರುಗಿಬೀಳುತ್ತದೆ. ಬಣ್ಣದ ಕೆಲಸಗಾರರಲ್ಲಿ ಇದರಿಂದ ಉಬ್ಬಸ ಹುಟ್ಟುವುದನ್ನು ವೈದ್ಯಶಾಸ್ತ್ರ ದಾಖಲಿಸಿದೆ. ಅಪ್ಪನಿಗೆ ವಾರದ ರಜೆಯ ದಿನ ಉಸಿರು ಸಲೀಸಾಗುತ್ತಿತ್ತು, ಕೆಲಸಕ್ಕೆ ಹೋದ ಸಂಜೆ ಮತ್ತೆ ಎದೆ ಕಟ್ಟುತ್ತಿತ್ತು. ಅವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದರು, ಕಾರಖಾನೆಯವರು ಬೀಡಿಯ ಲೆಕ್ಕಕ್ಕೆ. ಅಪ್ಪ ಬೀಡಿ ಸೇದುತ್ತಿರಲಿಲ್ಲ. ಮೂಗಿಗೆ ಕಟ್ಟಿಕೊಳ್ಳಲು ಅಲ್ಲಿ ಕೊಡುತ್ತಿದ್ದುದು ಒಂದು ಟವೆಲ್ಲಿನ ತುಂಡು. ಆ ಪುಡಿಯ ಡಬ್ಬಿಗಳ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳ ಸೂಚನೆಗಳಿದ್ದವು. ತೊಟ್ಟಿಯ ಬಳಿ ನಿಂತವರಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಓದಿ ಹೇಳುವ ಕೆಲಸ ಯಾರದೂ ಆಗಿರಲಿಲ್ಲ. ಎರಡು ಪುಟದ ಟಿಪ್ಪಣಿಗೆ ನಾನು ಎರಡು ತಿಂಗಳು ತೆಗೆದುಕೊಂಡದ್ದು ಪದಕೋಶದ ತೊಡಕಿನಿಂದ ಮಾತ್ರವಲ್ಲ.

ಟಿಪ್ಪಣಿಯ ಕೊನೆಯ ಭಾಗ ನೂಲಿಗೆ ಹತ್ತದೆ ಉಳಿದ ಬಣ್ಣದ್ದು. ಅದು ಗಟಾರಕ್ಕೆ ಹೋಗುತ್ತದೆ, ಅದನ್ನು ಹಿಡಿಯಲು ಬಳಸುವ ಒಂದು ಉಪಾಯವೂ ಹತ್ತಿಸುವುದೇ. ತೆಂಗಿನ ಚಿಪ್ಪಿನಂಥದನ್ನು ಸುಟ್ಟು, ಕಾದ ಹಬೆ ಹಾಯಿಸಿ ಮಾಡಿದ ಸಕ್ರಿಯ ಇದ್ದಿಲಿನೊಳಗೆ ಕಣ್ಣಿಗೆ ಕಾಣದ ಸಂದುಗಳು ತುಂಬಿವೆ. ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು 1,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಹೊಲ. ಬೆಲೆ ಕಡಿಮೆಯಾಗಲೆಂದು ಕಬ್ಬಿನ ಸಿಪ್ಪೆ, ಶೇಂಗಾ ಸಿಪ್ಪೆಗಳಿಂದಲೂ ಇದನ್ನು ತಯಾರಿಸಿ ನೋಡಿದ ಸಂಶೋಧನೆಗಳು ನಮ್ಮ ದೇಶದಲ್ಲಿ ಹಲವು ನಡೆದಿವೆ. ಕಬ್ಬಿನ ನಾಡಿನವರಾದ ನಮಗೆ ಸಿಪ್ಪೆಯ ಬರವಿಲ್ಲ. ಆದರೆ ಇದ್ದಿಲಿನ ಆಸನಗಳೂ ತುಂಬುತ್ತವೆ. ತುಂಬಿದ ಇದ್ದಿಲನ್ನು ಮತ್ತೆ ಕಾಯಿಸಿ ಬಳಸಬೇಕು, ಇಲ್ಲವೇ ಎಲ್ಲಿಯಾದರೂ ಸುರಕ್ಷಿತವಾಗಿ ಹೂಳಬೇಕು. ಉಪ್ಪಂತೂ ಇದ್ದಿಲಿಗೆ ಹತ್ತುವುದೇ ಇಲ್ಲ. ತಿಳಿಯಾದ ನೀರಿನಲ್ಲಿ ಲೀಟರಿಗೆ ಹಾಕಿದ ಆ 50 ಗ್ರಾಂ ಹಾಗೆಯೇ ಉಳಿದಿರುತ್ತದೆ. ಅದನ್ನು ತೆಗೆಯಲು ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಡದಿಂದ ಹಾಯಿಸಬೇಕು, ಉಳಿದದ್ದನ್ನು ಕುದಿಸಿ ಇಂಗಿಸಬೇಕು. ಎರಡಕ್ಕೂ ತಗಲುವ ವಿದ್ಯುತ್ತು, ಇಂಧನಗಳ ಖರ್ಚನ್ನು ನಾಲ್ಕು ಮಗ್ಗದ ಸಣ್ಣ ಮಾಲೀಕನು ಭರಿಸಲಾರನು.