ಬಾಣಲೆಯಿಂದ ಮಿದುಳಿನವರೆಗೆ

ಕಾಫಿ ಹುರಿಯಲು ಮಳೆಗಾಲದ ಮಧ್ಯಾಹ್ನವೇ ಸರಿ. ಕೊಪ್ಪದ ಕಡೆಯ ಭಂಡಿಗಡಿಯಲ್ಲಿ ಮಳೆ ಹಿಡಿದರೆ ತೋಟದ ಕೆಲಸ ನಿಲ್ಲುತ್ತದೆ, ಒಲೆ ಆರುವುದಿಲ್ಲ. ದಪ್ಪ ತಳದ ಬಾಣಲೆಗೆ ಬೀಜ ಸುರಿದು ಕೈಬಿಡದೆ ಆಡಿಸುತ್ತಿರಬೇಕು. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಹೊಗೆ, ಆಮೇಲೆ ಚಟಚಟ ಸಿಡಿತ. ಸಿಡಿತ ನಿಂತ ಮೇಲೆ ಬಣ್ಣ ಕಣ್ಣೆದುರೇ ಓಡುತ್ತದೆ. ಆಗಲೇ ಮೊರಕ್ಕೆ ಸುರಿಯಬೇಕು, ತಡೆದರೆ ಬರೀ ಕಹಿ. ರುಚಿಗೆ ಅರೇಬಿಕಾ, ಎಚ್ಚರಕ್ಕೆ ರೋಬಸ್ಟಾ. ರೋಬಸ್ಟಾದಲ್ಲಿ ಕೆಫೀನು ಸುಮಾರು ಎರಡು ಪಟ್ಟು.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಗಿಡ, ಹುಳ, ತುಕ್ಕುರೋಗಗಳ ಬೆನ್ನುಹತ್ತಿದೆ. ನನ್ನ ಕುತೂಹಲ ಲೋಟ ಖಾಲಿಯಾದ ಮೇಲಿನದು.

ದಣಿದ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರಿಕೊಂಡು ಮಂಪರು ತರುತ್ತದೆ. ಕೆಫೀನು ಅದು ಅಂಟುವ ಗ್ರಾಹಕದ ಜಾಗದಲ್ಲಿ ತಾನು ಕೂರುತ್ತದೆ. ಮಿದುಳಿನ ಆಳದ ಸ್ಟ್ರಯಾಟಮ್‌ನಲ್ಲಿ ಆ ಜಾಗಕ್ಕೆ ಅಂಟಿಕೊಂಡೇ ಡೋಪಮಿನ್‌ನ ಗ್ರಾಹಕಗಳಿವೆ. ಅಡಿನೋಸಿನ್ ಹಿಡಿದಿದ್ದ ಕಡಿವಾಣ ಸಡಿಲಿ, ಇದ್ದಷ್ಟೇ ಡೋಪಮಿನ್ ಹೆಚ್ಚು ಬಲವಾಗಿ ಕೆಲಸ ಮಾಡುತ್ತದೆ.

ಡೋಪಮಿನ್‌ನ ಈ ಕೆಲಸವನ್ನು ಪೆಟ್ ಸ್ಕ್ಯಾನ್‌ನಲ್ಲಿ ಹುಡುಕುವುದು ರಾಕ್ಲೋಪ್ರೈಡ್ ಎಂಬ ವಿಕಿರಣ ಸೂಸುವ ವಸ್ತುವಿನಿಂದ. ಅದು ಖಾಲಿ ಡೋಪಮಿನ್ ಗ್ರಾಹಕಗಳಿಗೆ ಅಂಟುತ್ತದೆ. ಡೋಪಮಿನ್ ಹೆಚ್ಚಿಸುವ ಮೀಥೈಲ್‌ಫೆನಿಡೇಟ್ ಕೊಟ್ಟರೆ ಅಂಟಲು ಜಾಗ ಸಾಲದೆ ಸಂಕೇತ ಇಳಿಯುತ್ತದೆ. 2015ರಲ್ಲಿ ಅಮೆರಿಕದ ನೋರಾ ವೋಲ್ಕೋವ್ ಮತ್ತು ಸಂಗಡಿಗರು 20 ಮಂದಿಗೆ 300 ಮಿಲಿಗ್ರಾಂ ಕೆಫೀನು ಕೊಟ್ಟು ನೋಡಿದಾಗ ಸಂಕೇತ ಏರಿತ್ತು! ಡೋಪಮಿನ್ ಕಡಿಮೆಯಾಯಿತೆನ್ನೋಣವೆಂದರೆ ಕೆಫೀನು ಪಡೆದವರು ಇನ್ನಷ್ಟು ಚುರುಕಾಗಿದ್ದರು. ಗ್ರಾಹಕಗಳೇ ಹೆಚ್ಚಿರಬೇಕು, ಇಲ್ಲವೇ ಅವುಗಳ ಹಿಡಿತ ಬಿಗಿದಿರಬೇಕು ಎಂಬುದು ಸಂಶೋಧಕರ ತೀರ್ಮಾನ. ಈ ತಿರುವು ಓದಿದಾಗ ನನಗಾದ ಖುಷಿ ಒಳ್ಳೆಯ ಡಿಕಾಕ್ಷನ್ ಇಳಿದಾಗಿನದೇ.

ಎಂಆರ್‌ಐನಲ್ಲಿ ತೊಡಕು ಬೇರೆ. 1990ರಲ್ಲಿ ಸೇಜಿ ಒಗಾವಾ ತೋರಿಸಿಕೊಟ್ಟ ವಿಧಾನ ನೋಡುವುದು ನರಕೋಶವನ್ನಲ್ಲ, ರಕ್ತದ ಆಮ್ಲಜನಕವನ್ನು. ಕೆಫೀನು ಮಿದುಳಿನ ರಕ್ತನಾಳಗಳನ್ನೇ ಕಿರಿದಾಗಿಸುತ್ತದೆ. ಮನಸ್ಸು ಎಚ್ಚರವಾಗಿದ್ದಾಗಲೇ ರಕ್ತದ ಹರಿವು ಇಳಿದಿರುತ್ತದೆ. ಸಂಕೇತ ಬದಲಾದರೆ ಅದು ನರದ ಮಾತೋ ನಾಳದ ಮಾತೋ? ಡೋಪಮಿನ್ ಕದಲಿಸುವ ಯಾವ ಮದ್ದಿನ ಪರೀಕ್ಷೆಯಲ್ಲೂ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಬಾರದೆಂದು ನನ್ನ ನಂಬಿಕೆ.

ಸ್ಕ್ಯಾನ್‌ಗೆ ಮೊದಲು ಕಾಫಿ ಬಿಡಿಸಿದರೂ ತೀರುವುದಿಲ್ಲ. ರೂಢಿಯವರಿಗೆ ಬಿಟ್ಟ ದಿನ ರಕ್ತದ ಹರಿವು ಮಾಮೂಲಿಗಿಂತ ಏರುತ್ತದೆ, ತಲೆನೋವೂ ಬರುತ್ತದೆ. ಕೊನೆಯ ಲೋಟ ಯಾವಾಗ ಎಂದಷ್ಟೇ ಕೇಳಿದರೆ ಸಾಲದು, ದಿನಕ್ಕೆಷ್ಟು ಲೋಟ ಎಂದೂ ಕೇಳಬೇಕು. ಕೊಪ್ಪದ ಕಡೆಯವರಾದರೆ ಅರೇಬಿಕಾವೋ ರೋಬಸ್ಟಾವೋ ಎಂದೂ.