ನಿಧಿಯ ಯಂತ್ರವೂ ಬದುವಿನ ಉರುಳೂ

ಭೂಮಿಯಲ್ಲಿ ಹೂತಿಟ್ಟ ಹಣದ ಮಾತು ಬಂದಾಗ ಕಿವಿಗೊಡದವರು ವಿರಳ. ವೈರಾಗ್ಯವನ್ನು ಕುರಿತು ಉಪನ್ಯಾಸ ಮಾಡುತ್ತಿರುವವರೂ ಒಂದು ಕ್ಷಣ ನಿಲ್ಲಿಸಿ ಆಲಿಸುತ್ತಾರೆ. ನಮ್ಮ ಸೀಮೆಯ ದಾನಶಾಸನಗಳನ್ನು ಓದಿದವರು ಬಲ್ಲರು: ಭೂಮಿಯೊಡನೆ ಸಲ್ಲುವ ಅಷ್ಟಭೋಗಗಳನ್ನು ಎಣಿಸುವಾಗ ನಿಧಿ, ನಿಕ್ಷೇಪಗಳೇ ಮೊದಲು, ಜಲವೂ ಪಾಷಾಣವೂ ಅನಂತರ. ಬೆಳೆಗೆ ನೀರು ಬೇಕು, ಮನೆಗೆ ಕಲ್ಲು ಬೇಕು. ಆದರೂ ಕಣ್ಣಿಗೆ ಕಾಣದ ಹಣಕ್ಕೆ ಅಗ್ರಪೂಜೆ! ಅದನ್ನು ಕಾಣುವುದಕ್ಕಾಗಿ ಹಿಂದಿನವರು ಅಂಜನ ಹಾಕಿಸುತ್ತಿದ್ದರು. ಈಗ ಆ ಸ್ಥಾನಕ್ಕೆ ಲೋಹಶೋಧಕ ಯಂತ್ರವು ಬಂದಿದೆ. ಈ ಯಂತ್ರದೊಡನೆ ಚಳಿಗಾಲದ ಹೊಲಗಳಲ್ಲಿ ಎರಡು ದಿನ ತಿರುಗಾಡಿದ ನನಗೆ ತೋರಿದ ಕೆಲವು ವಿಚಾರಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಯಂತ್ರವು ನನ್ನದಲ್ಲ, ನನ್ನ ತಮ್ಮನ ಮಗನದು. ಅವನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಂಜಿನಿಯರನಾಗಿದ್ದಾನೆ. ಕಳೆದ ಧನುರ್ಮಾಸದಲ್ಲಿ ರಜೆಯ ಮೇಲೆ ಕ್ಯಾತನಹಳ್ಳಿಗೆ ಬಂದಾಗ ಅದನ್ನು ಜೊತೆಯಲ್ಲಿ ತಂದಿದ್ದನು. ಒಂದು ಕೋಲಿನ ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಚಕ್ರ, ಅದರೊಳಗೆ ತಾಮ್ರದ ತಂತಿಯ ಸುರುಳಿ. ವಿದ್ಯುತ್ತು ಹರಿದಾಗ ಸುರುಳಿಯ ಸುತ್ತ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವು ಹುಟ್ಟುತ್ತದೆ. ನೆಲದಲ್ಲಿ ಲೋಹವಿದ್ದರೆ ಅದರೊಳಗೆ ಸಣ್ಣ ಪ್ರವಾಹಗಳೆದ್ದು ಮರುಕ್ಷೇತ್ರವನ್ನುಂಟುಮಾಡುತ್ತವೆ. ಯಂತ್ರವು ಅದನ್ನು ಗ್ರಹಿಸಿ ಧ್ವನಿಗೈಯುತ್ತದೆ. ಒಂದು ಬಿಡಿ ನಾಣ್ಯವನ್ನು ಗೇಣಿನಷ್ಟು ಆಳದಲ್ಲಿ ಕಂಡರೆ ಹೆಚ್ಚು. ಟೆಲಿಫೋನಿನ ಜನಕನೆನಿಸಿದ ಗ್ರಹಾಂ ಬೆಲ್ಲನು 1881ರಲ್ಲಿ ಇಂಥ ಉಪಕರಣವೊಂದನ್ನು ರಚಿಸಿದನು. ಅದು ಹಣ ಹುಡುಕುವುದಕ್ಕಾಗಿ ಅಲ್ಲ. ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನ ದೇಹದಲ್ಲಿ ಗುಂಡು ಎಲ್ಲಿದೆಯೆಂದು ತಿಳಿಯುವುದಕ್ಕಾಗಿ. ಗುಂಡು ಸಿಕ್ಕಲಿಲ್ಲ, ಅಧ್ಯಕ್ಷನು ಉಳಿಯಲಿಲ್ಲ. ಆದರೆ ಯಂತ್ರದ ಮೊದಲ ಉದ್ದೇಶ ಜೀವರಕ್ಷಣೆಯಾಗಿದ್ದಿತೆಂಬುದು ನೆನಪಿಡತಕ್ಕ ಮಾತು.

ಹುಡುಗನ ಕುತೂಹಲಕ್ಕೆ ಕಾರಣವಿಲ್ಲದೆ ಇಲ್ಲ. ನಮ್ಮ ನೆಲವು ಸಾಮಾನ್ಯವಾದ ನೆಲವಲ್ಲ. ಕೆಲವೇ ಹರಿದಾರಿಗಳ ದೂರದಲ್ಲಿ ಶ್ರೀರಂಗಪಟ್ಟಣ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಪುಟ್ಟ ಚಿನ್ನದ ಹಣಗಳೂ, ಟಿಪ್ಪುವಿನ ಆನೆಯ ಮುದ್ರೆಯ ತಾಮ್ರದ ಕಾಸುಗಳೂ ಓಡಾಡಿದ ಸೀಮೆ. ಇಂದಿನ ಪಾಂಡವಪುರವು ಅಂದಿನ ಹಿರೋಡೆ. ಹೈದರ್, ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದುದರಿಂದ ಅದಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಂದಿತ್ತು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೇನೆಯು ಪಟ್ಟಣವನ್ನು ಮುತ್ತುವ ಮುನ್ನ ಬಂದಿಳಿದುದೂ ಈ ಬಂಡೆಗಳ ಹಿಂದೆಯೇ. 1799ರ ಮೇ 4ರಂದು ಕೋಟೆ ಬಿದ್ದಿತು. ಇಷ್ಟೆಲ್ಲ ನಡೆದ ಮೇಲೆ ನೆಲದಲ್ಲಿ ಏನೂ ಉಳಿದಿರದೆಂದು ಹೇಳುವುದು ಹೇಗೆ? ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಒಂದು ಹಾಳುಬಾವಿಯಿಂದ ಆ ಕಾಲದ ಕಬ್ಬಿಣದ ರಾಕೆಟ್ಟುಗಳು ಸಾವಿರಕ್ಕೂ ಮಿಕ್ಕು ದೊರೆತುವು. ಅಲ್ಲಿ ಸುಳಿವು ಕೊಟ್ಟುದು ಮಣ್ಣಿನಲ್ಲಿದ್ದ ಮದ್ದಿನ ವಾಸನೆ.

ಆದರೆ ನೆಲದಲ್ಲಿರುವುದು ಕಂಡವರ ಪಾಲೆಂದು ಯಾವ ಕಾಲದ ಧರ್ಮವೂ ಹೇಳಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಬಗೆಗೆ ಖಚಿತವಾದ ನಿಯಮಗಳಿವೆ. ನಿಧಿಯನ್ನು ಕಂಡು ರಾಜನಿಗೆ ತಿಳಿಸಿದವನಿಗೆ ಆರನೆಯ ಒಂದು ಪಾಲು; ಕೂಲಿಯಾಳಾದರೆ ಹನ್ನೆರಡನೆಯ ಒಂದು ಪಾಲು; ಗುಟ್ಟಾಗಿ ಸಾಗಿಸಿದವನಿಗೆ ಸಾವಿರ ಪಣ ದಂಡ. ಬ್ರಿಟಿಷರ ಸರ್ಕಾರವು 1878ರಲ್ಲಿ ಮಾಡಿದ ಕಾನೂನು ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಂಡವನು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕೆಂದಿತು. ನಮ್ಮ ರಾಜ್ಯದಲ್ಲಿ 1962ರಲ್ಲಿ ಪ್ರತ್ಯೇಕವಾದ ನಿಧಿ ಕಾನೂನು ಬಂದಿತು. ಕೇಂದ್ರ ಸರ್ಕಾರವು ರಕ್ಷಿಸಿರುವ ಸ್ಮಾರಕಗಳ ಎಲ್ಲೆಯಿಂದ ನೂರು ಮೀಟರಿನವರೆಗೆ ನಿಷಿದ್ಧವಲಯ, ಅದರಾಚೆಗೆ ಇನ್ನೂರು ಮೀಟರು ನಿಯಂತ್ರಿತವಲಯ. ಇವೆಲ್ಲ ಅಧಿಕಾರಿಗಳ ಹಟವೆಂದು ತಿಳಿಯಲಾಗದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಾತವಾಹನರ ನಾಣ್ಯಗಳೊಡನೆ ರೋಮಿನ ಟೈಬೀರಿಯಸನ ಬೆಳ್ಳಿಯ ನಾಣ್ಯವು ದೊರೆತುದರಿಂದ ಆ ಮಣ್ಣಿನ ಪದರದ ಕಾಲವು ತಿಳಿಯಿತು. ಅದೇ ನಾಣ್ಯವನ್ನು ಯಾರಾದರೂ ಇರುಳಿನಲ್ಲಿ ಕಿತ್ತೊಯ್ದಿದ್ದರೆ ಅದು ಬರಿಯ ಬೆಳ್ಳಿಯ ಚೂರು. ನಿಧಿಯಾಸೆಗೆ ನಂದಿಯನ್ನು ಒಡೆದು, ವೀರಗಲ್ಲನ್ನು ಕೆಡವಿ, ಲಿಂಗವನ್ನು ಕೀಳುವ ದುಷ್ಟರ ಸಂಗತಿಯನ್ನಂತೂ ವಾಚಕರು ಪತ್ರಿಕೆಗಳಲ್ಲಿ ಓದಿಯೇ ಇರುವರು.

ಆದುದರಿಂದ ನಾನು ಹುಡುಗನಿಗೆ ಮೂರು ಕಟ್ಟಳೆಗಳನ್ನು ವಿಧಿಸಿದೆನು. ಗುಡಿ, ಕೋಟೆ, ಹಾಳೂರುಗಳ ಹತ್ತಿರ ಸುಳಿಯಕೂಡದು. ಒಡೆಯನ ಒಪ್ಪಿಗೆಯಿಲ್ಲದೆ ಯಾರ ಹೊಲದಲ್ಲಿಯೂ ಕಾಲಿಡಕೂಡದು. ನೇಗಿಲು ಮಗುಚಿದ ಮಣ್ಣಿಗಿಂತ ಕೆಳಕ್ಕೆ ಅಗೆಯಕೂಡದು. ಅವನು ಒಪ್ಪಿದನು. ಬಳಿಕ ಪೆಟ್ಟಿಗೆಯಿಂದ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಎರಡು ಮೇಲಂಗಿಗಳನ್ನು ತೆಗೆದು ಒಂದನ್ನು ನನಗೆ ಕೊಡಬಂದನು.

"ಇದೇತಕ್ಕಪ್ಪ?" ಎಂದೆನು.

"ದೊಡ್ಡಪ್ಪ, ನಮ್ಮಲ್ಲಿ ನವೆಂಬರ್ ಕೊನೆಗೆ ಬಂದೂಕಿನ ಜಿಂಕೆಬೇಟೆ ಆರಂಭವಾಗುತ್ತದೆ. ಹೊಲದಲ್ಲಿ ಯಂತ್ರ ಹಿಡಿದು ಬಗ್ಗಿರುವವನನ್ನು ದೂರದಿಂದ ಜಿಂಕೆಯೆಂದು ತಿಳಿದಾರು. ಜಿಂಕೆಗೆ ಈ ಬಣ್ಣ ಎದ್ದು ಕಾಣದು, ಮನುಷ್ಯನಿಗೆ ಕಾಣುತ್ತದೆ. ಅದಕ್ಕಾಗಿ ಈ ಅಂಗಿ" ಎಂದನು.

ನಮ್ಮ ದೇಶದಲ್ಲಿ ಬೇಟೆಗೆ ಕಾಲವೆಂಬುದೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆಯನ್ನು ನಿಷೇಧಿಸಿದೆ, ಉರುಳೊಡ್ಡುವುದೂ ಅದರ ದೃಷ್ಟಿಯಲ್ಲಿ ಬೇಟೆಯೇ ಎಂದು ನಾನು ಹೇಳಿದೆನು. ಹೇಳಿದುದು ನಿಜ. ಆದರೆ ಕಾನೂನಿನಲ್ಲಿಲ್ಲದ ಕಾಲವೊಂದು ಹೊಲಗಳಲ್ಲಿ ಇದೆ. ಮಾರ್ಗಶಿರ ಪುಷ್ಯಗಳಲ್ಲಿ ಭತ್ತವೂ ರಾಗಿಯೂ ಕೊಯ್ಲಿಗೆ ಬಂದಿರುತ್ತವೆ. ಕಬ್ಬು ಆಳೆತ್ತರ ನಿಂತಿರುತ್ತದೆ. ಹಂದಿಗಳಿಗೆ ಅದೇ ಆಹಾರ, ಅದೇ ಮನೆ. ಹಂದಿಯ ಕಾಟವನ್ನು ತಾಳಲಾರದೆ ಕೆಲವರು, ಮಾಂಸದಾಸೆಗೆ ಮತ್ತೆ ಕೆಲವರು, ಬದುಗಳಲ್ಲಿ ತಂತಿಯ ಉರುಳನ್ನು ಒಡ್ಡುತ್ತಾರೆ; ತಿಂಡಿಯೊಳಗೆ ಸಿಡಿಮದ್ದನ್ನು ಅಡಗಿಸಿ ಇಡುತ್ತಾರೆ; ಬೇಲಿಯ ತಂತಿಗೆ ಕಳ್ಳತನದಿಂದ ವಿದ್ಯುತ್ತನ್ನು ಹರಿಸುತ್ತಾರೆ. ಹಂದಿಗೆಂದು ಇಟ್ಟುದರಲ್ಲಿ ಚಿರತೆ ಸಿಕ್ಕಿ ಸಾಯುತ್ತದೆ. ಮೇಯಲು ಹೋದ ಹಸು ಮದ್ದಿನುಂಡೆಯನ್ನು ಕಚ್ಚಿ ದವಡೆಯನ್ನು ಕಳೆದುಕೊಳ್ಳುತ್ತದೆ. ನೀರು ಕಟ್ಟಲು ಹೋದ ರೈತನೇ ಬೇಲಿಗೆ ತಗುಲಿ ಬೀಳುತ್ತಾನೆ. ಬಂದೂಕಿನ ಹಿಂದೆ ಎರಡು ಕಣ್ಣುಗಳಾದರೂ ಇರುತ್ತವೆ, ಉರುಳಿಗೆ ಕಣ್ಣಿಲ್ಲ. ಕಿತ್ತಳೆಯಂಗಿಯು ಅದಕ್ಕೆ ಏನು ಮಾಡೀತು? ಅಮರಸಿಂಹನು ಇಂಥ ಬೋನಿಗೆ ಕೂಟಯಂತ್ರವೆಂಬ ಹೆಸರನ್ನು ಹೇಳುತ್ತಾನೆ. ಕೂಟವೆಂದರೆ ಕಪಟ. ಪಾಠಶಾಲೆಯಲ್ಲಿ ಉರುಹಾಕಿದ ಆ ಶಬ್ದದ ಅರ್ಥವು ನನಗೆ ನಿಜವಾಗಿ ಆದುದು ಈ ಚಳಿಗಾಲದಲ್ಲಿ.

ಮೊದಲ ದಿನ ಕೊಯ್ಲು ಮುಗಿದ ಗದ್ದೆಯೊಂದರಲ್ಲಿ ಹುಡುಕಿದೆವು. ಯಂತ್ರವು ನಿಮಿಷಕ್ಕೊಮ್ಮೆ ಕೂಗಿತು. ಸಿಕ್ಕಿದುವು ಎತ್ತಿನ ಲಾಳಗಳು, ಮುರಿದ ಕುಡುಗೋಲು, ಸವೆದ ನೇಗಿಲ ಗುಳ, ಸೀಸೆಗಳ ಮುಚ್ಚಳ, ಮತ್ತು 1944ರ ತೂತಿನ ಕಾಸು ಒಂದು. ಹುಡುಗನಿಗೆ ನಿರಾಶೆಯಾಯಿತು. ನನಗೆ ಹಾಗೆ ತೋರಲಿಲ್ಲ. ಸೇನೆಗಳು ಬಂದುಹೋದುವು, ಆ ನೆಲದಲ್ಲಿ ಹೆಚ್ಚಾಗಿ ಉಳಿದುದು ಉತ್ತವರ ಕಬ್ಬಿಣವೇ.

ಎರಡನೆಯ ದಿನ ನನ್ನ ಹಳೆಯ ಶಿಷ್ಯನೊಬ್ಬನ ಹೊಲಕ್ಕೆ ಹೋದೆವು. ಮಂಜು ಕರಗುವವರೆಗೆ ಕಾದು, ಎಂಟು ಗಂಟೆಯ ಮೇಲೆ ಹೊರಟೆವು. ಕಬ್ಬಿನ ಅಂಚಿನ ಬದುವಿನ ಮೇಲೆ ಯಂತ್ರವು ಎಡೆಬಿಡದೆ ಕೂಗತೊಡಗಿತು. ಹುಡುಗನು ಮಂಡಿಯೂರಿ ತರಗನ್ನು ಸರಿಸಲು ಕೈ ನೀಡಿದನು. ಹುಲ್ಲು ಒಂದು ಕಡೆಗೆ ಬಾಗಿದ್ದ ರೀತಿಯನ್ನು ಕಂಡು ನಾನು ಅವನ ತೋಳನ್ನು ಹಿಡಿದೆನು. ಬಗ್ಗಿ ನೋಡಲಾಗಿ, ನೆಲದಿಂದ ಮೊಳದಷ್ಟು ಮೇಲೆ ಇಬ್ಬನಿ ಕಟ್ಟಿದ ಒಂದು ಕುಣಿಕೆ. ಮೋಟಾರು ಸೈಕಲ್ಲಿನ ಕ್ಲಚ್ಚಿನ ತಂತಿ. ಅದರ ಬಾಲವು ತರಗಿನಡಿಯಲ್ಲಿ ಹರಿದು ಗೂಟವೊಂದಕ್ಕೆ ಬಿಗಿದಿತ್ತು. ನಾಲ್ಕು ಮಾರು ಆಚೆಗೆ ಹುಲ್ಲು ಕೊಯ್ದಿದ್ದ ಹಸಿಯ ಗುರುತು.

ಶಿಷ್ಯನು ನಮ್ಮ ಹಿಂದೆಯೇ ನಿಂತಿದ್ದನು. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಏನ್ ಮಾಡಾದು ಮೇಷ್ಟ್ರೇ, ಹಂದಿ ನುಗ್ಗುದ್ರೆ ಒಂದ್ ರಾತ್ರಿಗೆ ವರ್ಸದ ಅನ್ನ ಮಣ್ಣಾಯ್ತದೆ" ಎಂದನು.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಉರುಳನ್ನು ಒಡ್ಡಿದವರು ಯಾರೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನಾವೇ ಕಿತ್ತೊಗೆದು ಮನೆಗೆ ಹೋಗಬಾರದೇಕೆಂದು ಹುಡುಗನು ಮೆಲ್ಲನೆ ಕೇಳಿದನು. ಹಾಗೆ ಮಾಡಿದ್ದರೆ ನನ್ನ ಶಿಷ್ಯನಿಗೆ ತೊಂದರೆ ತಪ್ಪುತ್ತಿದ್ದಿತು. ನನಗೂ ಊರಿನಲ್ಲಿ ಮಾತು ಬರುತ್ತಿರಲಿಲ್ಲ. ಆದರೆ ಕಂಡುದು ಒಂದು, ಕಾಣದುವು ಎಷ್ಟೋ! ನಾನು ಶಿಷ್ಯನನ್ನು ಒಂದೇ ಮಾತು ಕೇಳಿದೆನು: "ಈ ಬದುವಿನಲ್ಲಿ ಬೆಳಗ್ಗೆ ಹುಲ್ಲು ಕೊಯ್ದವರು ಯಾರಪ್ಪ?"

ಅವನು ತಲೆ ತಗ್ಗಿಸಿ, "ನನ್ ಮಗಳು" ಎಂದನು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೂ ಮೂರವೆ, ಬನ್ನಿ" ಎಂದು ತಾನೇ ಮುಂದೆ ನಡೆದನು. ಅರಣ್ಯದ ಸಿಬ್ಬಂದಿಗೆ ಟೆಲಿಫೋನು ಮಾಡಿದವನೂ ಅವನೇ. ಅವರು ಮಧ್ಯಾಹ್ನ ಬಂದು ನಾಲ್ಕನ್ನೂ ಬಿಡಿಸಿದರು; ಹುಡುಗನ ಯಂತ್ರವನ್ನು ಹಿಡಿದು ಉಳಿದ ಬದುಗಳನ್ನು ಜಾಲಿಸಿದಾಗ ಅವನೂ ಅರಿಯದ ಐದನೆಯದೊಂದು ಪಕ್ಕದ ತಿರುವಿನಲ್ಲಿ ಸಿಕ್ಕಿತು. ಹೇಳಿಕೆ ಬರೆದುಕೊಂಡರು. ಮಧ್ಯಪ್ರದೇಶ, ಮಹಾರಾಷ್ಟ್ರಗಳ ಹುಲಿಗಾಡುಗಳಲ್ಲಿ ಇಂಥ ಯಂತ್ರಗಳಿಂದಲೇ ಉರುಳುಗಳನ್ನು ಹುಡುಕುವುದುಂಟು. ಬೆಲ್ಲನ ಯಂತ್ರವು ಅಧ್ಯಕ್ಷನ ವಿಷಯದಲ್ಲಿ ಮಾಡಲಾಗದಿದ್ದ ಕೆಲಸವನ್ನು ಅದರ ಸಂತಾನವು ಇಲ್ಲಿ ಮಾಡುತ್ತಿದೆಯೆನ್ನಬಹುದು.

ಶಿಷ್ಯನ ಮೇಲೆ ಬಂದ ವಿಚಾರಣೆಯು ಇನ್ನೂ ಮುಗಿದಿಲ್ಲ. ಕೆಲವರು, ಮೇಷ್ಟ್ರು ಹೊಲಕ್ಕೆ ಹೋಗಿ ಬಡವನನ್ನು ಸಿಕ್ಕಿಸಿದರು ಎಂದರು. ಅವನು ಮಾತ್ರ ಹಾಗೆನ್ನಲಿಲ್ಲ. ತಿಂಗಳ ಮೇಲೆ ನಮ್ಮ ಜಗಲಿಗೆ ಬಂದು, ಹಂದಿ ತಿಂದ ಬೆಳೆಯ ಪರಿಹಾರಕ್ಕೆ ಅರ್ಜಿ ಬರೆದುಕೊಡಬೇಕೆಂದು ಕೇಳಿದನು. ಬರೆದುಕೊಟ್ಟೆನು. ಅನಂತರ ಅದೇ ಬೀದಿಯ ಮತ್ತೆ ನಾಲ್ವರಿಗೆ ಬರೆದೆನು. ಉರುಳನ್ನು ಕಿತ್ತರೆ ಸಾಲದು. ಅದನ್ನು ಒಡ್ಡಿಸಿದ ಕಷ್ಟಕ್ಕೂ ಒಂದು ದಾರಿಯನ್ನು ತೋರಿಸಬೇಕು.

ಚಳಿಗಾಲದಲ್ಲಿ ಹೊಲದ ಕಡೆಗೆ ಹೋಗುವ ತರುಣರಿಗೆ, ಯಂತ್ರವಿರಲಿ ಬಿಡಲಿ, ನಾನು ಹೇಳುವುದಿಷ್ಟು. ಮಂಜು ಕರಗುವ ಮುನ್ನವೂ ಸಂಜೆಗತ್ತಲಲ್ಲಿಯೂ ಕಬ್ಬಿನ ಅಂಚಿಗೆ ಹೋಗಬೇಡಿ, ಒಬ್ಬರೇ ಹೋಗಬೇಡಿ. ಹೊಲದ ಒಡೆಯನನ್ನು ಜೊತೆಯಲ್ಲಿ ಕರೆದುಕೊಳ್ಳಿ. ಬೇಲಿಯ ತಂತಿಯನ್ನು ಮುಟ್ಟಬೇಡಿ. ಬದುವಿನ ಮೇಲೆ ಬಿದ್ದಿರುವ ಹಿಟ್ಟಿನ ಉಂಡೆಯನ್ನಾಗಲಿ, ಗುರುತಿಲ್ಲದ ಪೊಟ್ಟಣವನ್ನಾಗಲಿ ಕಾಲಿನಿಂದಲೂ ತಳ್ಳಬೇಡಿ. ಉರುಳು ಕಂಡರೆ ಬಂದ ಹೆಜ್ಜೆಯಲ್ಲಿಯೇ ಹಿಂದಿರುಗಿ ಅರಣ್ಯದವರಿಗೆ ತಿಳಿಸಿ. ಅದರಲ್ಲಿ ಚಿರತೆಯಿದ್ದರೆ ಹತ್ತಿರ ಹೋಗುವ ಸಾಹಸ ಬೇಡ. ನಾಯಿಯನ್ನು ಸಡಿಲ ಬಿಡಬೇಡಿ.

ನಮ್ಮ ಹಿರಿಯರು ಕಳ್ಳರಿಗೂ ಸೇನೆಗಳಿಗೂ ಅಂಜಿ, ಮಕ್ಕಳಿಗೆ ಉಳಿಯಲೆಂದು ನಾಲ್ಕು ಹಣವನ್ನು ನೆಲದಲ್ಲಿ ಹೂತರು. ನಾವು ಅದೇ ನೆಲದಲ್ಲಿ ಕುಣಿಕೆಯನ್ನು ಅಡಗಿಸುತ್ತಿದ್ದೇವೆ. ಯಂತ್ರಕ್ಕೆ ಎರಡೂ ಲೋಹವೇ, ವಿವೇಕವು ಹಿಡಿದವನದು. ಪ್ರತಿಗ್ರಾಮದಲ್ಲಿಯೂ ಓದುಬರಹ ಬಲ್ಲ ನಾಲ್ಕು ಮನೆಗಳವರು ಸುಗ್ಗಿಗೆ ಮುಂಚೆ ಒಂದು ದಿನ ರೈತರೊಡನೆ ಬದುಗಳ ಮೇಲೆ ನಡೆದು, ಅವರ ಅರ್ಜಿಗಳನ್ನೂ ಬರೆದುಕೊಟ್ಟರೆ, ಹುಲ್ಲಿಗೆ ಹೋದ ಮಕ್ಕಳೂ ಮೇವಿಗೆ ಹೋದ ದನಗಳೂ ಸುಖವಾಗಿ ಮನೆಗೆ ಬರುವುವೆಂದು ನನ್ನ ನಂಬಿಕೆ. ಬರುವ ಮಾರ್ಗಶಿರದಲ್ಲಿ ಕ್ಯಾತನಹಳ್ಳಿಯಲ್ಲಿ ಈ ಕೆಲಸವನ್ನು ಮಾಡಬೇಕೆಂದಿದ್ದೇವೆ. ಮುಂದೆ ನಡೆಯಲು ನನ್ನ ಶಿಷ್ಯನು ಒಪ್ಪಿದ್ದಾನೆ.