ಎಲ್ಲರೂ ಒಟ್ಟಿಗೆ ಉಣ್ಣುವ ಮೀನು

ಕರಾವಳಿಯ ಮನೆಗಳಲ್ಲಿ ಮೀನು ಹುರಿದವರು ಉಣ್ಣುವುದು ಎಲ್ಲರಿಗಿಂತ ಕೊನೆಗೆ. ಕಾವಲಿಗೆ ಹಿಡಿಸುವುದೇ ನಾಲ್ಕು ತುಂಡು. ಹಾಕಬೇಕು, ಮಗುಚಬೇಕು, ತೆಗೆಯಬೇಕು, ಮತ್ತೆ ಎಣ್ಣೆ ಬಿಡಬೇಕು. ಬಿಸಿಬಿಸಿಯದೆಲ್ಲ ನಮ್ಮ ಬಟ್ಟಲಿಗೆ ಬೀಳುತ್ತಿತ್ತು. ಅಮ್ಮ ಕೂರುವ ಹೊತ್ತಿಗೆ ಅನ್ನವೂ ಆರಿರುತ್ತಿತ್ತು, ಮೀನೂ ಆರಿರುತ್ತಿತ್ತು. ಎಲ್ಲರದ್ದೂ ಒಟ್ಟಿಗೆ ಬೇಯುವ ಓವನ್ನಿನ ಮೀನು ನನಗೆ ಹಿಡಿಸಿದ್ದು ಈ ಕಾರಣಕ್ಕೆ.

ಇದಕ್ಕೆ ಬಂಗುಡೆ ಚೆನ್ನ. ಮಾಂಸದಲ್ಲೇ ಕೊಬ್ಬಿರುವುದರಿಂದ ಒಣ ಶಾಖಕ್ಕೆ ಬಿರುಸಾಗುವುದಿಲ್ಲ. ಕಾಣೆ ಮೀನಾದರೆ ಎಣ್ಣೆ ಹೆಚ್ಚು ಸವರಬೇಕು. ಕೊಳ್ಳುವಾಗ ಕಣ್ಣು ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಬೆರಳಿಂದ ಒತ್ತಿದ ಗುಂಡಿ ಕೂಡಲೇ ತುಂಬಿಕೊಳ್ಳಬೇಕು. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ಕಡಲು ನಿಷಿದ್ಧ. ಆಗಸ್ಟಿನಲ್ಲಿ ಮಲ್ಪೆ, ಮಂಗಳೂರಿನ ಬೋಟುಗಳು ಮತ್ತೆ ಹೊರಟ ಮೇಲೆ ಮಾರುಕಟ್ಟೆಗೆ ಜೀವ ಬರುತ್ತದೆ.

ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು, ಹುಣಸೆ, ಅರಿಶಿನ, ಉಪ್ಪು ಇಷ್ಟನ್ನೂ ಗಟ್ಟಿಯಾಗಿ ಅರೆಯಿರಿ. ಶುಚಿ ಮಾಡಿದ ಇಡೀ ಮೀನಿನ ಎರಡೂ ಮಗ್ಗುಲಿಗೆ ಮುಳ್ಳು ತಾಗುವವರೆಗೆ ಗೀರಿ, ಮಸಾಲೆ ತುಂಬಿ ಅರ್ಧ ಗಂಟೆ ಬಿಡಿ. ಅದಕ್ಕಿಂತ ಹೆಚ್ಚು ಬೇಡ. ಮೀನಿನ ನೀರನ್ನು ಉಪ್ಪು ಹೊರಗೆಳೆಯುತ್ತದೆ. ಬಾಳೆ ಎಲೆಯನ್ನು ಉರಿಗೆ ಹಿಡಿದು ಬಾಡಿಸಿ, ತೆಂಗಿನೆಣ್ಣೆ ಸವರಿ, ಮೀನನ್ನು ಸುತ್ತಿ ಕಟ್ಟಿ. ಮೊದಲೇ 200 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್ನಿನಲ್ಲಿ ಸುಮಾರು 20 ನಿಮಿಷ ಸಾಕು. ಮೀನಿನ ಮಾಂಸ ಕೋಳಿ, ಕುರಿಯದರಂತೆ ಬಿಗಿಯಲ್ಲ, ಬೇಗ ಬೇಯುತ್ತದೆ. ದಪ್ಪನೆಯ ಕಡೆ ಚಾಕುವಿನ ತುದಿ ಆಡಿಸಿದರೆ ಮಾಂಸ ಬಿಳಿಚಿಕೊಂಡು ಮುಳ್ಳಿನಿಂದ ಸಲೀಸಾಗಿ ಬಿಡಬೇಕು. ಬಿಟ್ಟರೆ ಬೆಂದಿತೆಂದು ಅರ್ಥ. ಇನ್ನೂ ಇಟ್ಟರೆ ಒಣಗುತ್ತದೆ.

ಕಾವಲಿಯ ಗರಿಗರಿ ಇಲ್ಲಿ ಸಿಗದು, ನಿಜ. ಆದರೆ ಎಲೆ ಬಿಚ್ಚಿದಾಗ ಏಳುವ ಪರಿಮಳ, ತಳದಲ್ಲಿ ನಿಂತ ಕೆಂಪು ರಸ ಕಾವಲಿಯಲ್ಲಿ ಸಿಗುವಂಥದ್ದಲ್ಲ. ಆ ರಸವನ್ನು ಕುಚ್ಚಲಕ್ಕಿ ಅನ್ನಕ್ಕೆ ಕಲಸಿಕೊಂಡರೆ ಬೇರೆ ಸಾರು ಬೇಡ. ಮೀನು ಬೇಯುವ ಹೊತ್ತಿನಲ್ಲಿ ಅಡುಗೆ ಮಾಡಿದವರು ಕೈ ತೊಳೆದು, ಈರುಳ್ಳಿ ಹೆಚ್ಚಿ, ಮಕ್ಕಳ ಜೊತೆ ನಾಲ್ಕು ಮಾತಾಡಬಹುದು. ಎಲ್ಲರ ಮೀನೂ ಒಮ್ಮೆಗೇ ಬೇಯುವುದರಿಂದ ಎಲ್ಲರ ಊಟವೂ ಒಮ್ಮೆಗೇ ಆಗುತ್ತದೆ.

ರುಚಿಯಷ್ಟೇ ದೊಡ್ಡದು ಈ ಸಮಪಂಕ್ತಿ. ಬರುವ ಭಾನುವಾರ ನೀವೂ ಮಾಡಿ ನೋಡಿ. ಮೊದಲ ಪೊಟ್ಟಣವನ್ನು ಮಸಾಲೆ ಅರೆದವರ ಬಟ್ಟಲಿಗೇ ಇಡಿ.